ನಾಡಿ 36ಕ್ಕೆ ಇಳಿದ ನಾಯಿ ಓಡಿದಾಗ ಮಾತ್ರ ಏಕೆ ಬೀಳುತ್ತದೆ?

ಒಂಬತ್ತು ವರ್ಷದ ನಿಮ್ಮ ನಾಯಿ ಬಾಗಿಲಿಗೆ ಓಡುವಾಗ ಎರಡು ಸಲ ಕುಸಿದು ಬಿದ್ದು ಕೆಲವೇ ಕ್ಷಣಗಳಲ್ಲಿ ಎದ್ದಿತೆಂದೂ, ನಿಮಿಷಕ್ಕೆ 36 ಬಡಿತವಿದ್ದು ಇಸಿಜಿಯಲ್ಲಿ ಪೂರ್ಣ ಹಾರ್ಟ್ ಬ್ಲಾಕ್ ಕಂಡುಬಂದಿದೆಯೆಂದೂ ಬರೆದಿದ್ದೀರಿ. ಮಲಗಿದ್ದಾಗ ಆರಾಮವಾಗಿರುವ ಪ್ರಾಣಿ ಓಡಿದಾಗ ಮಾತ್ರ ಏಕೆ ಬೀಳುತ್ತದೆ ಎಂದು ಕೇಳಿದ್ದೀರಿ. ನಮ್ಮ ನಾಯಿಗೂ ಇದೇ ತೊಂದರೆ ಇದ್ದುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬಡಿತದ ವಿದ್ಯುತ್ ಸಂಕೇತ ಬಲ ಹೃತ್ಕರ್ಣದಲ್ಲಿ ಹುಟ್ಟಿ, ಎವಿ ನೋಡ್ ಎಂಬ ಒಂದೇ ದಾರಿಯ ಮೂಲಕ ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಆ ದಾರಿ ಪೂರ್ತಿ ಮುಚ್ಚುವುದೇ ಪೂರ್ಣ ಹಾರ್ಟ್ ಬ್ಲಾಕ್. ಆಗ ಮೇಲಿನ ಕೋಣೆಗಳು ತಮ್ಮ ವೇಗದಲ್ಲಿ ಬಡಿಯುತ್ತವೆ. ಕೆಳಗಿನವು ತಮ್ಮದೇ ನಿಧಾನವಾದ ಲಯಕ್ಕೆ ಬೀಳುತ್ತವೆ. ಎರಡು ಬಡಿತಗಳ ನಡುವೆ ಹೆಚ್ಚು ಸಮಯ ಸಿಗುವುದರಿಂದ ಹೃತ್ಕುಕ್ಷಿ ಹೆಚ್ಚು ರಕ್ತ ತುಂಬಿಕೊಂಡು, ಪ್ರತಿ ಸಲವೂ ಹೆಚ್ಚು ಹೊರದೂಡುತ್ತದೆ. ಉದಾಹರಣೆಗೆ, ಬಡಿತಕ್ಕೆ 30 ಮಿ.ಲೀ.ನಂತೆ ನಿಮಿಷಕ್ಕೆ 100 ಬಾರಿ ಬಡಿಯುವ ಹೃದಯ 3 ಲೀಟರ್ ರಕ್ತ ಹರಿಸುತ್ತದೆ. 36ಕ್ಕೆ ಇಳಿದಾಗ ಬಡಿತಕ್ಕೆ 50 ಮಿ.ಲೀ. ದೂಡಿದರೂ ಸಿಗುವುದು 1.8 ಲೀಟರ್ ಮಾತ್ರ. ಮಲಗಿರುವ ದೇಹ ಅಷ್ಟರಲ್ಲಿ ಸುಧಾರಿಸಿಕೊಳ್ಳಬಹುದು. ಓಡುವಾಗಲಾದರೋ ಸ್ನಾಯುಗಳ ರಕ್ತನಾಳಗಳು ಹಿಗ್ಗುತ್ತವೆ, ಬಡಿತ ಮಾತ್ರ ಬೇಕಾದಷ್ಟು ಏರುವುದಿಲ್ಲ. ರಕ್ತದೊತ್ತಡ ಕುಸಿದು ಮಿದುಳಿಗೆ ರಕ್ತ ಸಾಲದಾಗುತ್ತದೆ. ಕೆಳಗಿನ ಲಯವೇ ಕೆಲವು ಸೆಕೆಂಡು ನಿಂತುಬಿಟ್ಟರೆ, ಮಲಗಿದ್ದಲ್ಲೇ ಮೂರ್ಛೆ ಹೋಗುವುದೂ ಉಂಟು. ಇದನ್ನು ಫಿಟ್ಸ್ ಎಂದು ತಪ್ಪಾಗಿ ತಿಳಿಯುವವರು ಬಹಳ. ಫಿಟ್ಸ್ ಆದ ನಂತರ ಪ್ರಾಣಿ ಬಹಳ ಹೊತ್ತು ಮಂಕಾಗಿರುವುದು ಸಾಮಾನ್ಯ, ಹೃದಯದ ಮೂರ್ಛೆಯಿಂದ ಅದು ಬೇಗ ಚೇತರಿಸಿಕೊಳ್ಳುತ್ತದೆ.

ಹಿಂಗಾಲಿನ ತೊಡೆಯ ಒಳಭಾಗದಲ್ಲಿ, ಮೇಲ್ತುದಿಯಲ್ಲಿ, ಬೆರಳಿಟ್ಟು ನೋಡಿ. ನಾಡಿ ನಿಧಾನವಾಗಿದ್ದರೂ ಒಂದೊಂದು ಹೊಡೆತ ಅಚ್ಚರಿಯಾಗುವಷ್ಟು ಬಲವಾಗಿರುತ್ತದೆ. ಅದನ್ನು ಕಂಡು ಹೃದಯ ಗಟ್ಟಿಯಾಗಿದೆ ಎಂದು ನಾನು ಮೊದಲು ಸಮಾಧಾನಪಟ್ಟುಕೊಂಡಿದ್ದೆ. ಅದು ತಪ್ಪು ಲೆಕ್ಕ. ಕತ್ತಿನ ಅಭಿಧಮನಿ ನಡುನಡುವೆ ಥಟ್ಟನೆ ಉಬ್ಬುವುದೂ ಕಾಣಬಹುದು: ಕವಾಟ ಮುಚ್ಚಿರುವಾಗಲೇ ಹೃತ್ಕರ್ಣ ಹಿಂಡಿದರೆ ರಕ್ತ ಹಿಂದಕ್ಕೆ ಒತ್ತರಿಸುತ್ತದೆ. ಹೀಗೆಯೇ ತಿಂಗಳುಗಟ್ಟಲೆ ನಡೆದರೆ ಹೃದಯ ಹಿಗ್ಗಿ, ಹೊಟ್ಟೆಯಲ್ಲಿ ನೀರು ತುಂಬುವ ಹಂತಕ್ಕೂ ಹೋಗಬಹುದು.

ಇದೇ ಚರ್ಚೆಯಲ್ಲಿ ಕುದುರೆಯ ಬಡಿತ ಆಗಾಗ ತಪ್ಪುತ್ತದೆಂದು ಗಾಬರಿಯಾದವರಿಗೂ ಒಂದು ಮಾತು. ವಿಶ್ರಾಂತಿಯಲ್ಲಿರುವ ಕುದುರೆಗೆ ನಿಮಿಷಕ್ಕೆ 28ರಿಂದ 44 ಬಡಿತ ಸಹಜ. ಬಡಿತವನ್ನು ನಿಧಾನಗೊಳಿಸುವ ವೇಗಸ್ ನರದ ಪ್ರಭಾವದಿಂದ ನಡುವೆ ಒಂದು ಬಡಿತ ತಪ್ಪುವುದೂ ಸಾಮಾನ್ಯ. ಸ್ವಲ್ಪ ಓಡಿಸಿದೊಡನೆ ಲಯ ಸರಿಹೋದರೆ ಚಿಂತೆಯಿಲ್ಲ, ಹೋಗದಿದ್ದರೆ ಇಸಿಜಿ ಬೇಕು. ಬೆಕ್ಕುಗಳಲ್ಲಿ ಪೂರ್ಣ ಬ್ಲಾಕ್ ಇದ್ದರೂ ಕೆಳಗಿನ ಲಯ ಸಾಮಾನ್ಯವಾಗಿ ನಾಯಿಗಿಂತ ವೇಗವಾಗಿರುವುದರಿಂದ ಎಷ್ಟೋ ಸಲ ಅವು ಬೀಳುವುದೇ ಇಲ್ಲ. ಆದರೆ ಮೂತ್ರ ಕಟ್ಟಿದ ಗಂಡು ಬೆಕ್ಕಿನ ಬಡಿತ ನಿಧಾನವಾದರೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿರುವ ಸಾಧ್ಯತೆ ಹೆಚ್ಚು. ಒಂದು ಗಂಟೆಯೂ ಕಾಯಬೇಡಿ. ಕಣಗಿಲೆ ತಿಂದ ದನ, ಮೇಕೆಗಳಲ್ಲೂ ಹಾರ್ಟ್ ಬ್ಲಾಕ್ ಆಗುತ್ತದೆ.

ನಿಮ್ಮ ನಾಯಿಗೆ ಈಗ ಯಾವ ಔಷಧ ನಡೆಯುತ್ತಿದೆ ಎಂಬುದನ್ನು ಪಶುವೈದ್ಯರಿಗೆ ಮೊದಲು ಹೇಳಿ, ಏಕೆಂದರೆ ಡಿಗಾಕ್ಸಿನ್, ಬೀಟಾ ಬ್ಲಾಕರ್‌ಗಳಂಥ ಹೃದಯದ ಔಷಧಗಳು ಎವಿ ನೋಡ್‌ನ ದಾರಿಯನ್ನು ಇನ್ನಷ್ಟು ನಿಧಾನಗೊಳಿಸುತ್ತವೆ. ಪೂರ್ಣ ಬ್ಲಾಕ್‌ನಲ್ಲಿ, ಬಡಿತ ಏರಿಸಲು ಕೊಡುವ ಅಟ್ರೋಪಿನ್‌ನಿಂದ ಸಾಮಾನ್ಯವಾಗಿ ಪ್ರಯೋಜನವಾಗುವುದಿಲ್ಲ. ಮಾತ್ರೆಗಳ ಮೇಲೆ ಭರವಸೆ ಇಟ್ಟು ನಾವು ಕಳೆದ ವಾರಗಳು ಈಗಲೂ ನೋಯಿಸುತ್ತವೆ. ಪೇಸ್‌ಮೇಕರ್ ಹಾಕುವ ಕೇಂದ್ರಕ್ಕೆ ಬೇಗ ಕರೆದೊಯ್ಯಿರಿ, ಅಲ್ಲಿಯವರೆಗೆ ಓಟ, ಮೆಟ್ಟಿಲು ಎರಡನ್ನೂ ನಿಲ್ಲಿಸಿ. ಪೇಸ್‌ಮೇಕರ್‌ನ ತಂತಿಯನ್ನು ಸಾಮಾನ್ಯವಾಗಿ ಕತ್ತಿನ ಅಭಿಧಮನಿಯ ಮೂಲಕವೇ ಇಳಿಸುವುದರಿಂದ, ಆಮೇಲೆ ಕತ್ತಿಗೆ ಪಟ್ಟಿ ಕಟ್ಟದೆ ಎದೆಪಟ್ಟಿಯನ್ನೇ ಬಳಸಿ. ಕತ್ತಿನಿಂದ ರಕ್ತ ತೆಗೆಯಬಾರದೆಂದು ಪ್ರತಿ ಭೇಟಿಯಲ್ಲೂ ನೀವೇ ನೆನಪಿಸಿ.