ಸಾಕಿದ ಆಮೆ ನೀರಿನಲ್ಲೇ ಮೊಟ್ಟೆ ಇಟ್ಟಿದೆ, ಏನು ಮಾಡಬೇಕು?

ಕಾರವಾರದ ಮನೆಯಲ್ಲಿ ಒಂದೇ ಕೆಂಪು ಕಿವಿ ಆಮೆ ಇದೆ, ಗಂಡಿಲ್ಲದೆ ಮೊಟ್ಟೆ ಹೇಗೆ ಬಂತು ಅಂತ ಕೇಳಿದ್ದೀರಿ. ಹುಂಜ ಇಲ್ಲದೆಯೂ ಕೋಳಿ ಮೊಟ್ಟೆ ಇಡುತ್ತದಲ್ವಾ, ಹಾಗೆಯೇ. ಅದರಿಂದ ಮರಿ ಬರುವುದಿಲ್ಲ. ಆದರೆ ಹಿಂದೆ ಗಂಡಿನ ಜೊತೆ ಇದ್ದಿದ್ದರೆ ಹೇಳಲಾಗದು. ಹೆಣ್ಣಾಮೆ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಉಳಿಸಿಕೊಳ್ಳುತ್ತದೆ.

ನೀರಿನಲ್ಲಿ ಇಟ್ಟಿದ್ದು ಬೇರೆ ಜಾಗ ಸಿಗದೆ. ಆಮೆ ಊಟ ಬಿಟ್ಟು, ತೊಟ್ಟಿಯ ಗೋಡೆ ಕೆರೆಯುತ್ತಾ ಚಡಪಡಿಸಿದರೆ ಮೊಟ್ಟೆ ಬಂದಿದೆ ಅಂತಲೇ ಲೆಕ್ಕ. ದೊಡ್ಡ ಟಬ್ಬಿನಲ್ಲಿ ಒಂದಡಿ ಆಳಕ್ಕೆ ಮಣ್ಣು, ಹೊಳೆ ಮರಳು ಬೆರೆಸಿ ಹಾಕಿ. ಬೀಚಿನ ಉಪ್ಪು ಮರಳು ಬೇಡ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ಸೋರಬಾರದು. ಅದು ಹಿಂಗಾಲಿನಿಂದ ಗುಂಡಿ ತೋಡುವಾಗ ಸುಮ್ನೆ ಇಣುಕಬೇಡಿ, ಅರ್ಧಕ್ಕೇ ಎದ್ದು ಹೋಗುತ್ತದೆ. ತಿನ್ನಲು ಕಟಲ್‌ಬೋನ್ (ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು) ಕೊಡಿ, ಸುಣ್ಣದಂಶ ಸಿಗುತ್ತದೆ.

ಮರಿ ಮಾಡಿಸುವುದಾದರೆ ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಹಾಗೆಯೇ ಎತ್ತಿ. ತಿರುಗಿಸಿದರೆ ಒಳಗಿನ ಭ್ರೂಣ ಸಾಯಬಹುದು. 26ರಿಂದ 30 ಡಿಗ್ರಿ ಶಾಖದಲ್ಲಿ ಸುಮಾರು 2ರಿಂದ 3 ತಿಂಗಳು ಬೇಕು. ಶಾಖ ಕಡಿಮೆಯಾದರೆ ಗಂಡು, ಜಾಸ್ತಿಯಾದರೆ ಹೆಣ್ಣು! ನನ್ನ ಕೇಳಿದರೆ ಮರಿ ಮಾಡಿಸಲೇಬೇಡಿ. ಇವು ಅಮೆರಿಕ ಮೂಲದವು, ಸಾಕಲಾಗದೆ ಕಾಳಿ ನದಿಗೆ ಬಿಟ್ಟರೆ ನಮ್ಮ ಆಮೆಗಳ ಆಹಾರಕ್ಕೇ ಕುತ್ತು.

ಎರಡು ದಿನ ತಿಣುಕಿಯೂ ಮೊಟ್ಟೆ ಬರದೆ ಆಮೆ ಮಂಕಾದರೆ ಕಾಯಬೇಡಿ, ಪಶುವೈದ್ಯರಿಗೆ ತೋರಿಸಿ. ಇನ್ನು ಕಡಲತೀರದಲ್ಲಿ ಕಡಲಾಮೆ ಮೊಟ್ಟೆ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ.