ಆಪ್ತಸಲಹೆ ಪ್ರಕರಣ: ಪ್ರಿಮೆಡ್‌ಗೆ ಮುಂಚಿನ ಬೇಸಿಗೆ

(ವಿದ್ಯಾರ್ಥಿನಿ ಮತ್ತು ಆಕೆಯ ತಂದೆತಾಯಿಯ ಒಪ್ಪಿಗೆ ಪಡೆದು ಬರೆದದ್ದು. ಗುರುತು ಹತ್ತಬಹುದಾದ ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ.)

ಜೂನ್ ಕೊನೆಯ ವಾರದಲ್ಲಿ ನ್ಯೂಜೆರ್ಸಿಯ ಕನ್ನಡ ಕುಟುಂಬವೊಂದರ ತಾಯಿ ನನಗೆ ಕರೆ ಮಾಡಿ, ಮಗಳು ಮೂರು ವಾರಗಳಿಂದ ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಊಟದ ತಟ್ಟೆಯ ಮುಂದೆ ಕುಳಿತು ಅಳುತ್ತಾಳೆ, ಕಾರಣ ಕೇಳಿದರೆ "ಏನಿಲ್ಲ ಅಮ್ಮ" ಎಂದು ಎದ್ದು ಹೋಗುತ್ತಾಳೆ ಎಂದರು. ಹುಡುಗಿಗೆ 18 ವರ್ಷ. ಹೈಸ್ಕೂಲು ಮುಗಿಸಿ, ಆಗಸ್ಟ್ ಕೊನೆಗೆ ಬೇರೆ ರಾಜ್ಯದ ವಿಶ್ವವಿದ್ಯಾಲಯವೊಂದಕ್ಕೆ ಹೊರಡುವವಳಿದ್ದಳು. ವೈದ್ಯಳಾಗುವ ಉದ್ದೇಶದಿಂದ ಪ್ರಿಮೆಡ್ ಹಾದಿಯನ್ನು ಆರಿಸಿಕೊಂಡಿದ್ದಳು.

ಊರಿನ ಓದುಗರಿಗಾಗಿ ಒಂದು ಮಾತು ಹೇಳಬೇಕು. ಕರ್ನಾಟಕದಲ್ಲಿ ಪಿಯುಸಿ ಮುಗಿಸಿದವರು ನೇರವಾಗಿ ಎಂಬಿಬಿಎಸ್ ಸೇರುವಂತೆ ಅಮೆರಿಕದಲ್ಲಿ ಸೇರುವುದು ಸಾಮಾನ್ಯವಲ್ಲ. ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ವೈದ್ಯಕೀಯ ಶಾಲೆ. ಪ್ರಿಮೆಡ್ ಎಂಬ ಪದವಿ ಬೇರೆಯಾಗಿ ಇಲ್ಲ. ಯಾವ ವಿಷಯದಲ್ಲಿ ಪದವಿ ಮಾಡಿದರೂ ವೈದ್ಯಕೀಯ ಶಾಲೆಗಳು ಕೇಳುವ ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ, ಜೀವರಸಾಯನಶಾಸ್ತ್ರದಂಥ ಕೋರ್ಸುಗಳನ್ನು, ಹೆಚ್ಚಿನವನ್ನು ಪ್ರಯೋಗಾಲಯದೊಂದಿಗೆ, ಮುಗಿಸಿ, ವೈದ್ಯಕೀಯ ಶಾಲೆಗಳ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್ ಬರೆಯಬೇಕು.

ತಂದೆ ಮಗಳಿಗಾಗಿ ಒಂದು ವೇಳಾಪಟ್ಟಿ ಮಾಡಿದ್ದರು. ವಾರಕ್ಕೆ ಆರು ದಿನ, ದಿನಕ್ಕೆ ಆರು ಗಂಟೆ. ಆಗಸ್ಟ್‌ನೊಳಗೆ ಸಾಮಾನ್ಯ ರಸಾಯನಶಾಸ್ತ್ರದ ಇಡೀ ಪಠ್ಯಪುಸ್ತಕ ಮತ್ತು ಎರಡನೆಯ ವರ್ಷದ ಸಾವಯವ ರಸಾಯನಶಾಸ್ತ್ರದ ಅರ್ಧ ಮುಗಿಯಬೇಕಿತ್ತು. ಹುಡುಗಿ ಹಟ ಹಿಡಿದು ಓದಿದ್ದಳು, ಬಣ್ಣಬಣ್ಣದ ಟಿಪ್ಪಣಿಗಳನ್ನು ಮಾಡಿದ್ದಳು. ಆದರೆ ಹಿಂದಿನ ವಾರ ಓದಿದ್ದು ಈ ವಾರ ನೆನಪಾಗದೆ, ತನಗೆ ಈ ವಿದ್ಯೆಯ ಯೋಗ್ಯತೆಯೇ ಇಲ್ಲವೆಂಬ ತೀರ್ಮಾನಕ್ಕೆ ಬಂದುಬಿಟ್ಟಿದ್ದಳು. ಕಾಲೇಜಿನ ಮೆಟ್ಟಿಲನ್ನೇ ಹತ್ತದ ಮಗು ಸೋತೆನೆಂದು ನಂಬಿ ಕುಳಿತದ್ದು ನನ್ನನ್ನು ಬಹಳ ಕಲಕಿತು.

ಮೊದಲು ತಂದೆಯೊಂದಿಗೆ ಪ್ರತ್ಯೇಕವಾಗಿ ಮಾತನಾಡಿದೆ. 1990ರ ದಶಕದ ನಡುವೆ ಹಾಸನ ಜಿಲ್ಲೆಯಲ್ಲಿ ಪಿಯುಸಿ ಓದಿ ಸಿಇಟಿ ಬರೆದವರು ಅವರು. ವೈದ್ಯಕೀಯ ಸೀಟಿಗೆ ರ‍್ಯಾಂಕ್ ಸಾಲದೆ ಎಂಜಿನಿಯರಿಂಗ್ ಸೇರಿದ್ದರು. "ಮೇಡಂ, ನಮಗೆ ಯಾರೂ ಹೇಳಿಕೊಡುವವರಿರಲಿಲ್ಲ, ಎರಡು ತಿಂಗಳು ಮುಂಚೆ ಶುರು ಮಾಡಿದ್ದರೆ ನನ್ನ ಬದುಕೇ ಬೇರೆ ಆಗುತ್ತಿತ್ತು" ಎಂದಾಗ ಅವರ ದನಿ ಒಡೆದಿತ್ತು. ಅವರ ಕಾಳಜಿಯಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ; ಲೆಕ್ಕಾಚಾರ ಮಾತ್ರ ಬೇರೆ ವ್ಯವಸ್ಥೆಯದಾಗಿತ್ತು. ಅವರ ಕಾಲದಲ್ಲಿ ಪಿಯುಸಿ ಅಂಕ ಮತ್ತು ಒಂದು ಪ್ರವೇಶ ಪರೀಕ್ಷೆ ಸೇರಿ ಎಲ್ಲವೂ ನಿರ್ಧಾರವಾಗುತ್ತಿತ್ತು, ಆದ್ದರಿಂದ ಪಾಠ ಮುಂಚೆ ಮುಗಿಸಿ ಮತ್ತೆ ಮತ್ತೆ ತಿರುವಿಹಾಕುವುದಕ್ಕೆ ಅರ್ಥವಿತ್ತು. ಇಲ್ಲಿ ನಾಲ್ಕು ವರ್ಷಗಳ ಪ್ರತಿಯೊಂದು ಕೋರ್ಸಿನ ಗ್ರೇಡೂ ವೈದ್ಯಕೀಯ ಶಾಲೆಯ ಅರ್ಜಿಯಲ್ಲಿ ಹೋಗುತ್ತದೆ. ಹೆಚ್ಚಿನ ಶಾಲೆಗಳು ಬಳಸುವ ಆಮ್ಕಾಸ್ ಅರ್ಜಿ ವ್ಯವಸ್ಥೆಯಲ್ಲಿ ಒಂದು ಕೋರ್ಸನ್ನು ಮರಳಿ ಮಾಡಿದರೂ ಹಳೆಯ ಗ್ರೇಡು ಸರಾಸರಿಯಿಂದ ಅಳಿಸಿಹೋಗುವುದಿಲ್ಲ, ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತಗಳ ಸರಾಸರಿಯನ್ನು ಬೇರೆಯಾಗಿಯೂ ಲೆಕ್ಕಹಾಕಲಾಗುತ್ತದೆ. ಹಾಗಿರುವಾಗ ಎರಡನೆಯ ವರ್ಷದ ಪುಸ್ತಕದ ಅರ್ಧವನ್ನು ಮಸುಕಾಗಿ ಓದಿಕೊಂಡು, ದಣಿದ ಮನಸ್ಸಿನಿಂದ ಮೊದಲ ಸೆಮಿಸ್ಟರಿಗೆ ಕಾಲಿಟ್ಟರೆ ನಷ್ಟವೇ ಹೆಚ್ಚು ಎಂದು ವಿವರಿಸಿದೆ. ಅವರು ತಕ್ಷಣ ಒಪ್ಪಲಿಲ್ಲ. ಮಗಳ ಪರಿಸ್ಥಿತಿಯನ್ನು ನೋಡಿ ಹೇಳಿ ಎಂದರು.

ಸಲಹೆಗಾರ್ತಿಯಾಗುವ ಮೊದಲು ನಾನು ಕಮ್ಯುನಿಟಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪ್ರಯೋಗಾಲಯದ ತರಗತಿಗಳನ್ನು ನಡೆಸುತ್ತಿದ್ದೆ. ಆ ಅನುಭವದಿಂದ ಹುಡುಗಿಗೆ ಕೆಲವು ಸರಳ ಪ್ರಶ್ನೆಗಳನ್ನು ಕೊಟ್ಟು, ಪುಸ್ತಕ ಮುಚ್ಚಿ, ಕ್ಯಾಲ್ಕುಲೇಟರ್ ಇಲ್ಲದೆ ಬಿಡಿಸಲು ಹೇಳಿದೆ. 4 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಅನ್ನು ಕರಗಿಸಿ 250 ಮಿಲಿಲೀಟರ್ ದ್ರಾವಣ ಮಾಡಿದರೆ ಅದರ ಸಾರತೆ, ಅಂದರೆ ಲೀಟರಿಗೆ ಇಷ್ಟು ಮೋಲ್ ಎಂಬ ಲೆಕ್ಕ, ಎಷ್ಟು? ಸೂತ್ರ ಅವಳಿಗೆ ಗೊತ್ತಿತ್ತು, ಆದರೆ ಮಿಲಿಲೀಟರನ್ನು ಲೀಟರಿಗೆ ತರುವಲ್ಲಿ ಎಡವಿದಳು, ಉತ್ತರ 0.4 ಮೋಲಾರ್ ಬರಬೇಕಿತ್ತು. ಪಿಎಚ್ 3 ಇರುವ ದ್ರಾವಣಕ್ಕೂ ಪಿಎಚ್ 5 ಇರುವ ದ್ರಾವಣಕ್ಕೂ ಹೈಡ್ರೋಜನ್ ಅಯಾನುಗಳಲ್ಲಿ ಎಷ್ಟು ಪಟ್ಟು ಅಂತರ ಎಂದು ಕೇಳಿದ್ದಕ್ಕೆ ಎರಡು ಪಟ್ಟು ಎಂದಳು. ಪಿಎಚ್‌ನ ಒಂದೊಂದು ಅಂಕೆಗೂ ಹತ್ತು ಪಟ್ಟು, ಆದ್ದರಿಂದ ನೂರು ಪಟ್ಟು ಎಂದು ನಾನು ಹೇಳಿದಾಗ ಅವಳ ಕಣ್ಣು ಅಗಲವಾಯಿತು, ಲಾಗರಿದಮ್ ಎಂದರೇನೆಂದು ಆ ಕ್ಷಣದಲ್ಲಿ ಅವಳಿಗೆ ಹೊಳೆದದ್ದು ಮುಖದಲ್ಲೇ ಕಂಡಿತು. ಅವಳು ಶಾಲೆಯಲ್ಲಿ ರಸಾಯನಶಾಸ್ತ್ರ ಓದಿದ್ದು ಎರಡು ವರ್ಷಗಳ ಹಿಂದೆ. ಮೇಲಿನ ಮಹಡಿ ಕಟ್ಟುತ್ತಿದ್ದ ಹುಡುಗಿಗೆ ಕೆಳಗಿನ ಗೋಡೆಯಲ್ಲಿ ಇಟ್ಟಿಗೆ ಬಿಟ್ಟುಹೋಗಿದ್ದು ಗೊತ್ತಿರಲಿಲ್ಲ. ಜಾಣತನಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಅವಳಿಗೆ ಎರಡು ಸಲ ಹೇಳಬೇಕಾಯಿತು.

ತಂದೆತಾಯಿ ಇಲ್ಲದಾಗ, ವೈದ್ಯಳಾಗುವ ಆಸೆ ಯಾರದು ಎಂದು ಕೇಳಿದೆ. ತನ್ನದೇ ಎಂದಳು, ತಡವರಿಸದೆ. "ಆದರೆ ಆಂಟಿ, ನಾನು ನಿಧಾನ. ನಿಧಾನ ಇರುವವರು ಡಾಕ್ಟರ್ ಆಗಬಹುದಾ?" ಈ ಪ್ರಶ್ನೆಯೇ ಅವಳ ನಿದ್ದೆ ಕೆಡಿಸಿದ್ದು ಎಂದು ನನಗನ್ನಿಸಿತು.

ಉಳಿದ ಎಂಟು ವಾರಗಳಿಗೆ ನಾನು ಕೊಟ್ಟ ಸಲಹೆ ಹೀಗಿತ್ತು. ಸಾವಯವ ರಸಾಯನಶಾಸ್ತ್ರದ ಪುಸ್ತಕವನ್ನು ಕಪಾಟಿನಲ್ಲಿಡುವುದು. ವಾರಕ್ಕೆ ಐದು ದಿನ, ದಿನಕ್ಕೆ ಒಂದೂವರೆ ಗಂಟೆ ಮಾತ್ರ ಓದುವುದು. ಮೊದಲ ಮೂರು ವಾರ ಬೀಜಗಣಿತ, ಘಾತಾಂಕ, ಲಾಗರಿದಮ್ ಮತ್ತು ಅಳತೆಯ ಮಾನಗಳ ಪರಿವರ್ತನೆ. ಆಮೇಲೆ ಮೋಲ್ ಲೆಕ್ಕ, ಎರಡು ವಸ್ತುಗಳ ಕ್ರಿಯೆಯಲ್ಲಿ ಯಾವುದು ಮೊದಲು ಮುಗಿಯುತ್ತದೆಂಬ ಲೆಕ್ಕ, ದ್ರಾವಣಗಳ ಸಾರತೆ. ಕೊನೆಗೆ ಲೂಯಿಸ್ ರಚನೆಗಳು (ಅಣುವಿನೊಳಗಿನ ಎಲೆಕ್ಟ್ರಾನುಗಳನ್ನು ಚುಕ್ಕೆ, ಗೆರೆಗಳಿಂದ ತೋರಿಸುವ ಚಿತ್ರಗಳು) ಮತ್ತು ಅಣುಗಳ ಆಕಾರ. ಎರಡನೆಯ ವರ್ಷದಲ್ಲಿ ಸಾವಯವ ರಸಾಯನಶಾಸ್ತ್ರ ಕಷ್ಟವಾಗುವುದು ಬಹುಮಟ್ಟಿಗೆ ಎಲೆಕ್ಟ್ರಾನುಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆಂಬುದನ್ನು ಕಾಣಲಾಗದೆ, ಕ್ರಿಯೆಗಳನ್ನು ಬಾಯಿಪಾಠ ಮಾಡಲು ಹೊರಟವರಿಗೆ. ಆ ಕಣ್ಣು ತೆರೆಯುವುದು ಮೊದಲ ವರ್ಷದ ಈ ಪಾಠಗಳಲ್ಲೇ. ಪುಸ್ತಕಕ್ಕಾಗಿ ದುಡ್ಡು ಸುರಿಯಬೇಕಿರಲಿಲ್ಲ, ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಪಠ್ಯಗಳು ಉಚಿತವಾಗಿ ಸಿಗುತ್ತವೆ.

ಏನು ಓದಬೇಕೆಂಬುದಕ್ಕಿಂತ ಹೇಗೆ ಓದಬೇಕೆಂಬುದರ ಬಗ್ಗೆ ಹೆಚ್ಚು ಹೊತ್ತು ಮಾತನಾಡಿದೆವು. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರೂ, ಒಂದು ವಾರದ ನಂತರ ಹೆಚ್ಚು ನೆನಪಿದ್ದದ್ದು, ಓದಿದ್ದನ್ನು ನೋಡದೆ ಬರೆದು ತಮ್ಮನ್ನು ತಾವೇ ಪರೀಕ್ಷಿಸಿಕೊಂಡವರಿಗೆ. ಅವಳ ಬಣ್ಣದ ಟಿಪ್ಪಣಿಗಳು ಏಕೆ ಕೈಕೊಟ್ಟವೆಂಬುದು ಇದರಿಂದ ಅವಳಿಗೆ ಅರ್ಥವಾಯಿತು. ದಿನದ ಕೊನೆಯ ಇಪ್ಪತ್ತು ನಿಮಿಷ ಖಾಲಿ ಹಾಳೆಯ ಮೇಲೆ ನೆನಪಿನಿಂದಲೇ ಬರೆಯುವುದು, ಶನಿವಾರ ಹಳೆಯ ವಾರದ ಲೆಕ್ಕಗಳನ್ನೂ ಸೇರಿಸಿ ಬಿಡಿಸುವುದು ಎಂದು ನಿಶ್ಚಯಿಸಿದೆವು. ಗ್ರಂಥಾಲಯದಲ್ಲಿ ಅವಳು ಬಿಡಬೇಕೆಂದಿದ್ದ ಬೇಸಿಗೆ ಕೆಲಸವನ್ನು ಬಿಡಬಾರದೆಂದೂ ಹೇಳಿದೆ.

ಮೊದಲ ಸೆಮಿಸ್ಟರಿಗೆ ರಸಾಯನಶಾಸ್ತ್ರ, ಜೀವಶಾಸ್ತ್ರ ಎರಡನ್ನೂ ಪ್ರಯೋಗಾಲಯದೊಂದಿಗೆ ತೆಗೆದುಕೊಂಡು ಕಲನಶಾಸ್ತ್ರವನ್ನೂ ಸೇರಿಸಬೇಕೆಂದು ತಂದೆ ಬಯಸಿದ್ದರು. ವಿಜ್ಞಾನದ ಒಂದೇ ಪ್ರಯೋಗಾಲಯ ಕೋರ್ಸು ಸಾಕು, ಜೀವಶಾಸ್ತ್ರ ಎರಡನೆಯ ಸೆಮಿಸ್ಟರಿಗಿರಲಿ ಎಂದೆ. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಓದಿ ಬರೆಯುವ ಎಪಿ ಪರೀಕ್ಷೆಯಲ್ಲಿ ಜೀವಶಾಸ್ತ್ರಕ್ಕೆ ಅವಳಿಗೆ ಅತಿ ಹೆಚ್ಚಿನ ಅಂಕವಾದ 5 ಬಂದಿದ್ದರಿಂದ ಆ ಕೋರ್ಸನ್ನೇ ಬಿಡಬಹುದಲ್ಲ ಎಂಬ ಪ್ರಶ್ನೆಯೂ ಬಂತು. ಎಪಿ ಅಂಕಗಳನ್ನು ಕೋರ್ಸಿನ ಬದಲಿಗೆ ಒಪ್ಪುವ ವಿಷಯದಲ್ಲಿ ವೈದ್ಯಕೀಯ ಶಾಲೆಗಳ ನಿಯಮ ಒಂದೇ ರೀತಿ ಇಲ್ಲದ ಕಾರಣ, ಕಾಲೇಜಿನ ಪ್ರಿಮೆಡ್ ಸಲಹೆಗಾರರನ್ನು ಕೇಳದೆ ಏನನ್ನೂ ಬಿಡಬೇಡಿ ಎಂದು ತಿಳಿಸಿದೆ.

ಎರಡು ವಾರಗಳಲ್ಲಿ ನಿದ್ದೆ ಮರಳಿತು. ನನ್ನ ಯೋಜನೆಯಲ್ಲೂ ಒಂದು ಕೊರತೆ ಉಳಿದಿತ್ತು: ಪ್ರಯೋಗಾಲಯದ ವರದಿ ಬರೆಯುವುದಕ್ಕೆ ಎಷ್ಟು ಹೊತ್ತು ಬೇಕೆಂದು ಅವಳಿಗೆ ನಾನು ಮೊದಲೇ ಹೇಳಲಿಲ್ಲ, ಸೆಪ್ಟೆಂಬರಿನ ಅವಳ ವಾರಾಂತ್ಯಗಳೆಲ್ಲ ಅದಕ್ಕೇ ಹೋದವು. ಇಂಥ ಕೆಲಸ ಸ್ವತಃ ಮಾಡಿಸಿದವಳಾಗಿ ನಾನು ಅದನ್ನು ಮರೆಯಬಾರದಿತ್ತು. ರಸಾಯನಶಾಸ್ತ್ರದ ಮೊದಲ ಪರೀಕ್ಷೆಯಲ್ಲಿ 71 ಅಂಕ ಬಂದಾಗ ರಾತ್ರಿ ಹನ್ನೊಂದಕ್ಕೆ ಕರೆ ಮಾಡಿದಳು. ಉತ್ತರ ಪತ್ರಿಕೆ ಹಿಡಿದು ಪ್ರಾಧ್ಯಾಪಕರ ಆಫೀಸ್ ಅವರ್ಸ್‌ಗೆ (ವಿದ್ಯಾರ್ಥಿಗಳ ಪ್ರಶ್ನೆಗಳಿಗೆಂದೇ ಅವರು ಮೀಸಲಿಡುವ ಹೊತ್ತಿಗೆ) ಹೋಗು, ಅಂಕ ಕೇಳಬೇಡ, ಎಲ್ಲಿ ತಪ್ಪಿದೆ ಎಂದು ಕೇಳು ಎಂದೆ. ಅಲ್ಲಿಂದ ಪ್ರತಿ ವಾರ ಹೋದಳು. ಡಿಸೆಂಬರಿನಲ್ಲಿ ಬಿ ಪ್ಲಸ್ ಬಂತು, ವಸಂತದ ಸೆಮಿಸ್ಟರಿನಲ್ಲಿ ಎ ಮೈನಸ್.

ಮರುವರ್ಷದ ಮೇ ತಿಂಗಳಲ್ಲಿ ತಂದೆ ಕರೆ ಮಾಡಿ, ಈಗಲಾದರೂ ಸಾವಯವ ರಸಾಯನಶಾಸ್ತ್ರ ಶುರು ಮಾಡಿಸಬಹುದೇ ಎಂದು ಕೇಳಿದರು. ಮಗಳನ್ನೇ ಕೇಳಿ ಎಂದೆ. ಅವಳು ಆಗಲೇ ತನ್ನ ಬೇಸಿಗೆಯ ಪಟ್ಟಿ ಬರೆದುಕೊಂಡಿದ್ದಳು: ಜುಲೈವರೆಗೆ ಊರಿನ ಆಸ್ಪತ್ರೆಯಲ್ಲಿ ಸ್ವಯಂಸೇವೆ, ಆಗಸ್ಟ್‌ನಲ್ಲಿ ಎರಡು ವಾರ ಆಮ್ಲ, ಪ್ರತ್ಯಾಮ್ಲ ಮತ್ತು ಲೂಯಿಸ್ ರಚನೆಗಳ ಪುನರಾವರ್ತನೆ, ನಡುವೆ ಹಾಸನದ ಅಜ್ಜಿಯ ಮನೆಗೆ ಹದಿನೈದು ದಿನ.