ಹಳೇ ಪ್ಯಾಟರ್ನ್ ಪ್ಯಾಂಟಿನ ಸೊಂಟವನ್ನು ಮೇಲಿಂದ ಕತ್ತರಿಸಿ ಇಳಿಸಬಹುದಾ?

1940ರ ದಶಕದ ಪ್ಯಾಟರ್ನ್ (ಬಟ್ಟೆ ಕತ್ತರಿಸೋಕೆ ಇಟ್ಟುಕೊಳ್ಳೋ ಕಾಗದದ ಮಾದರಿ), ಸೊಂಟ ಹೊಕ್ಕುಳವರೆಗೆ ಬರುತ್ತೆ, ಮೇಲಿಂದ 3 ಇಂಚು ತೆಗೆದರೆ ಆಗುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಕತ್ತರಿ ಕೆಳಗಿಡಿ. ನಾನು ಅದನ್ನೇ ಮಾಡಿದ್ದೆ, ಅದೂ ಒಳ್ಳೆ ದಪ್ಪ ಉಣ್ಣೆ ಬಟ್ಟೆಯ ಮೇಲೆ.

ಆಗ ಲೆಕ್ಕ ಸರಳವಾಗಿ ಕಂಡಿತ್ತು. ಮೇಲಿನದು ಬೇಡ, ತೆಗೆದರಾಯ್ತು, ಕೆಳಗಿನದೆಲ್ಲ ಹಾಗೇ ಇರುತ್ತೆ ಅಲ್ವಾ? ಇರಲ್ಲ. ಆ ಕಾಲದ ಪ್ಯಾಂಟು ತೂಗುವುದೇ ಸೊಂಟದ ಅತಿ ಸಣ್ಣ ಜಾಗದಿಂದ. ಅಲ್ಲಿಂದ ಇಳಿದಂತೆ ಮೈ ಅಗಲವಾಗುತ್ತದೆ, ಅದರ ಜೊತೆಗೇ ನೆರಿಗೆಯೂ ಸ್ವಲ್ಪ ಸ್ವಲ್ಪವಾಗಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. 3 ಇಂಚು ಕೆಳಗೆ ಕತ್ತರಿಸಿದಾಗ ಸಿಕ್ಕ ಅಂಚು ಬೆಲ್ಟ್ ಪಟ್ಟಿಗಿಂತ ಉದ್ದವಾಗಿತ್ತು. ಹೆಚ್ಚಾದ ಬಟ್ಟೆಯನ್ನು ನೆರಿಗೆಯೊಳಗೇ ತುಂಬಿದೆ. ಅದು ಬಿಚ್ಚಿಕೊಳ್ಳೋಕೆ ಕೆಳಗೆ ಜಾಗವೇ ಇಲ್ಲ, ಹಾಗಾಗಿ ಸುಮ್ನೆ ನಿಂತಿದ್ದಾಗಲೂ ನೆರಿಗೆ ಬಾಯಿ ಬಿಟ್ಟುಕೊಂಡೇ ಇರುತ್ತಿತ್ತು. ಜೇಬಿನ ಬಾಯಿಯ ಮೇಲ್ಭಾಗ ಪಟ್ಟಿಯೊಳಗೆ ಸೇರಿ ಕೈ ಅರ್ಧಕ್ಕೇ ನಿಂತಿತು.

ಹಿಂಭಾಗದ ಕಥೆ ಇನ್ನೂ ಕೆಟ್ಟದು. ಹಿಂದಿನ ನಡು ಹೊಲಿಗೆ ಓರೆಯಾಗಿ, ಮುಂಭಾಗಕ್ಕಿಂತ ಎತ್ತರಕ್ಕೆ ಏರುತ್ತದೆ. ಕುಳಿತಾಗ ಸೀಟಿಗೆ ಬೇಕಾದ ಉದ್ದ ಬರುವುದೇ ಅಲ್ಲಿಂದ. ನಾನು ಸ್ಕೇಲ್ ಇಟ್ಟು ಹಿಂದೆ ಮುಂದೆ ಒಂದೇ ಮಟ್ಟಕ್ಕೆ ಗೀಟು ಎಳೆದಿದ್ದೆ. ಕುಳಿತರೆ ಹಿಂದೆ ಜಾರುತ್ತಿತ್ತು, ಎದ್ದರೆ ತೊಡೆಸಂದು ಜೋತುಬೀಳುತ್ತಿತ್ತು. ಬೆಲ್ಟ್ ಬಿಗಿದರೆ ಸುತ್ತಲೂ ಸುಕ್ಕು. ಪಕ್ಕದ ಹೊಲಿಗೆಯಲ್ಲಿ ಮಾರ್ಜಿನ್ ಇದ್ದರೆ ಅಗಲ ಹೆಚ್ಚಿಸಬಹುದು, ಮೇಲೆ ಕತ್ತರಿಸಿ ಎಸೆದ ಉದ್ದವನ್ನು ಎಲ್ಲಿಂದ ತರೋದು? ಆ ಬಟ್ಟೆ ಪೂರ್ತಿ ಹೋಯ್ತು.

ಹಾಗಾಗಿ ನನ್ನ ಪ್ರಕಾರ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಎತ್ತರದ ಸೊಂಟ ಇಷ್ಟವಿಲ್ಲ ಅಂದರೆ ಈ ಪ್ಯಾಟರ್ನ್ ಬೇಡ, ಈಗಿನ ಪ್ಯಾಟರ್ನ್ ತಗೊಂಡು ಕಾಲು ಅಗಲ ಮಾಡಿಕೊಳ್ಳಿ. ಆದರೆ ಒಮ್ಮೆ ಅದು ಇರಬೇಕಾದ ಎತ್ತರದಲ್ಲೇ ಹಾಕಿ ನೋಡಿ ಅಂತ ಮನಸಾರೆ ಹೇಳ್ತೀನಿ. ಜೀನ್ಸ್ ನೋಡಿ ನೋಡಿ ಕಣ್ಣಿಗೆ ಮೊದಲು ವಿಚಿತ್ರ ಅನಿಸುತ್ತೆ. ಕ್ರೀಸು ಸೊಂಟದಿಂದ ಶೂವರೆಗೆ ಎಲ್ಲೂ ಮುರಿಯದೆ ಇಳಿಯೋದನ್ನು ಕಂಡಮೇಲೆ ಇಳಿಸೋ ಯೋಚನೆಯೇ ಬರಲ್ಲ.

ಅಳತೆಗೆ ಜೀನ್ಸಿನ ನಂಬರ್ ನಂಬಬೇಡಿ. ಹೊಟ್ಟೆಗೆ ದಾರ ಕಟ್ಟಿ ಪಕ್ಕಕ್ಕೆ ಬಗ್ಗಿ, ದಾರ ಹೋಗಿ ಕೂತ ಜಾಗವೇ ಸೊಂಟ. ಗಟ್ಟಿ ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ದಾರದಿಂದ ಕುರ್ಚಿಯವರೆಗೆ ಪಕ್ಕದಲ್ಲಿ ಟೇಪು ಹಿಡಿಯಿರಿ. ಪ್ಯಾಟರ್ನಿನಲ್ಲಿ ಸೊಂಟದಿಂದ ತೊಡೆಸಂದಿನ ಮಟ್ಟಕ್ಕೆ ಇರೋ ಉದ್ದ ಇದಕ್ಕಿಂತ ತುಸು ಮಾತ್ರ ಜಾಸ್ತಿ ಇರಬೇಕು. ತುಂಬಾ ಜಾಸ್ತಿ ಇದ್ದರೂ ಮೇಲಿಂದ ತೆಗೀಬೇಡಿ. ಸೊಂಟಕ್ಕೂ ತೊಡೆಸಂದಿಗೂ ನಡುವೆ ಕಾಗದವನ್ನು ಅಡ್ಡಕ್ಕೆ ಮಡಚಿ, ಹಿಂದೆ ಮುಂದೆ ಎರಡರಲ್ಲೂ ಅಷ್ಟೇ, ಆಮೇಲೆ ಪಕ್ಕದ ಗೆರೆಯನ್ನು ತಿದ್ದಿ ಜೇಬಿನ ಗುರುತನ್ನು ಸರಿಮಾಡಿ. ಇದನ್ನೆಲ್ಲ ನಕಲು ತೆಗೆದ ಕಾಗದದ ಮೇಲೆ ಮಾಡಿ, ಮೂಲವನ್ನು ಮುಟ್ಟಬೇಡಿ. ಆ ಕಾಲದ ಎಷ್ಟೋ ಪ್ಯಾಟರ್ನುಗಳಲ್ಲಿ ಗೆರೆಗಳ ಮುದ್ರಣವೇ ಇರಲ್ಲ, ಗುರುತಿಗೆ ಬರೀ ತೂತುಗಳು, ಅವನ್ನೂ ಬಿಡದೆ ನಕಲಿಸಿ.

ಮೊದಲು ಕೋರಾ ಬಟ್ಟೆಯಲ್ಲಿ ಹೊಲಿದು ಹಾಕಿಕೊಂಡು ಕೂತು, ಮೆಟ್ಟಿಲು ಹತ್ತಿ ನೋಡಿ. ಅಸಲಿ ಪ್ಯಾಂಟಿಗೆ ತೂಕವಿರೋ ಬಟ್ಟೆಯೇ ಬೇಕು, ತೆಳು ಬಟ್ಟೆಯಲ್ಲಿ ನೆರಿಗೆ ಉಬ್ಬಿಕೊಳ್ಳುತ್ತದೆ. ಬೆಲ್ಟ್ ಬದಲು ಸಸ್ಪೆಂಡರ್ (ಪ್ಯಾಂಟನ್ನು ಹೆಗಲಿಂದ ಹಿಡಿದಿಡೋ ಪಟ್ಟಿ) ಹಾಕಿ, ಸೊಂಟ ತುಸು ಸಡಿಲ ಇಟ್ಟರೂ ಪ್ಯಾಂಟು ಜಾರಲ್ಲ. ಮುಂದೆ ಬಟನ್ನೋ ಜಿಪ್ಪೋ ನಿಮ್ಮಿಷ್ಟ, 1930ರ ದಶಕದಲ್ಲೇ ಜಿಪ್ ಬಂದಿತ್ತು.

ನಿಮ್ಮದು ಯುದ್ಧಕಾಲದ ಬ್ರಿಟನ್ ಪ್ಯಾಟರ್ನ್ ಆಗಿದ್ದರೆ ಕಾಲಿನ ತುದಿಯಲ್ಲಿ ಹೊರಕ್ಕೆ ಮಡಚೋ ಮಡಿಕೆ ಇರಲಿಕ್ಕಿಲ್ಲ. ಬಟ್ಟೆ ಉಳಿಸೋಕೆ ಅಲ್ಲಿ 1942ರಲ್ಲಿ ಅದನ್ನು ನಿಷೇಧಿಸಿದ್ದರು. ಬೇಕಿದ್ದರೆ ಕತ್ತರಿಸುವಾಗಲೇ ಪ್ರತಿ ಕಾಲಿಗೂ ಸುಮಾರು 4 ಇಂಚು ಹೆಚ್ಚು ಬಿಡಿ. ಉದ್ದದ ಗುರುತು ಮಾತ್ರ ಕೊನೆಗೆ, ಶೂ ಹಾಕಿ, ಸಸ್ಪೆಂಡರ್ ಸಿಕ್ಕಿಸಿಕೊಂಡು, ಬೇರೆಯವರ ಕೈಯಲ್ಲಿ ಹಾಕಿಸಿ. ನೀವೇ ಬಗ್ಗಿ ಹಾಕಿದರೆ ಅಳತೆ ತಪ್ಪುತ್ತೆ.